ಹೂಂಗುಟ್ಟುವ ಪೆಟ್ಟಿಗೆ

ನಮ್ಮ ಕೂಟದ ಸ್ನೇಹಿತರಲ್ಲಿ ಅನೇಕರು ಬೇಸ್‌ಮೆಂಟಿನಲ್ಲಿ ಹೋಂ ಥಿಯೇಟರ್ ಮಾಡಿಸಿಕೊಂಡಿದ್ದಾರೆ. ಅವರಿಗೆ ಉಪಯೋಗವಾದೀತೆಂದು ಷಿಕಾಗೋ ಬಳಿಯ ನಮ್ಮ ಮನೆಯಲ್ಲಿ ನಡೆದ ಈ ಪ್ರಸಂಗವನ್ನು ಬರೆಯುತ್ತಿದ್ದೇವೆ.

2022ರ ಡಿಸೆಂಬರಿನಲ್ಲಿ ನಾಲ್ಕಾರು ಕುಟುಂಬಗಳನ್ನು ಊಟಕ್ಕೆ ಕರೆದು 'ಕಾಂತಾರ' ಹಾಕಿದೆವು. ಭೂತಕೋಲದ ವಾದ್ಯಗಳಿಗೆ ಹೊಸ ಸಬ್‌ವೂಫರ್ ಎದೆ ನಡುಗಿಸಿತು. ಸಂತೋಷ. ಆದರೆ ಚಿತ್ರದಲ್ಲಿ ಕಾಡು ಮೌನವಾದಾಗಲೂ ಪೆಟ್ಟಿಗೆ ಸುಮ್ಮನಾಗಲಿಲ್ಲ. ಒಂದೇ ಸಮನೆ "ಹೂಂ..." ಎನ್ನುತ್ತಿತ್ತು. ಊರಿನಿಂದ ಬಂದಿದ್ದ ಅಮ್ಮ, "ಏನ್ರೋ ಇದು, ಕಥೆ ಕೇಳೋ ಮಗು ಥರ ಹೂಂಗುಟ್ಟುತ್ತಾ ಕೂತಿದೆ!" ಎಂದರು. ಅವರದು ಸಂಗೀತ ಕಲಿತ ಕಿವಿ. "ನಮ್ಮ ಬೀದಿ ಟ್ರಾನ್ಸ್‌ಫಾರ್ಮರ್ ಇದಕ್ಕಿಂತ ಕೆಳಗಿನ ಶ್ರುತೀಲಿ ಹಾಡುತ್ತೆ" ಎಂದೂ ಸೇರಿಸಿದರು. ಮಾತು ನಿಜ. ಊರಿನ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಇಲ್ಲಿಯದು 60. ಅಲ್ಲಿಯ ಗುಂಯ್‌ಗುಡುವಿಕೆ ಷಡ್ಜವಾದರೆ ಇಲ್ಲಿಯದು ಸಾಧಾರಣ ಗಾಂಧಾರ!

ನಾವಿಬ್ಬರೂ ವೈದ್ಯರು. ಮರುದಿನ ರೋಗಿಯನ್ನು ಪರೀಕ್ಷಿಸುವ ಹಾಗೆಯೇ ಕುಳಿತೆವು. ರಿಸೀವರಿನ ವಾಲ್ಯೂಮ್ ಪೂರ್ತಿ ತಗ್ಗಿಸಿದರೂ ಹೂಂಕಾರ ತಗ್ಗಲಿಲ್ಲ. ರಿಸೀವರಿನಿಂದ ಸಬ್‌ವೂಫರಿಗೆ ಬರುವ ಆಡಿಯೋ ತಂತಿ ಕಿತ್ತೆವು, ತೆಪ್ಪಗಾಯಿತು. ಅಂದರೆ ಪೆಟ್ಟಿಗೆ ಆರೋಗ್ಯವಾಗಿದೆ, ಕಾಯಿಲೆ ಹೊರಗಿನದು. ತಂತಿ ಮತ್ತೆ ಸಿಕ್ಕಿಸಿ, ರಿಸೀವರಿಗೆ ಸೇರಿದ್ದ ಒಂದೊಂದನ್ನೇ ಬಿಡಿಸುತ್ತಾ ಹೋದೆವು. ಡಿವಿಡಿ ಪ್ಲೇಯರ್ ತೆಗೆದರೂ ಫಲವಿಲ್ಲ. ಕೇಬಲ್ ಟಿವಿಯ ದಪ್ಪ ತಂತಿಯ ತಿರುಪು ಬಿಚ್ಚಿದ ಕ್ಷಣವೇ ನಿಶ್ಶಬ್ದ!

ರೋಗದ ಹೆಸರು ಗ್ರೌಂಡ್ ಲೂಪ್. ಸಬ್‌ವೂಫರಿಗೆ ಗೋಡೆಯ ಪ್ಲಗ್ಗಿನಿಂದ ಒಂದು ಅರ್ಥಿಂಗ್, ಕೇಬಲ್ ತಂತಿಯ ಹೊರಪದರದಿಂದ ಇನ್ನೊಂದು. ಎರಡರ ನಡುವೆ ಅಲ್ಪಸ್ವಲ್ಪ ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಆಡಿಯೋ ತಂತಿಯ ಹೊರಪದರದಲ್ಲಿ ಕರೆಂಟು ಹರಿದು ಹೂಂಗುಟ್ಟುತ್ತದೆ.

ಸ್ನೇಹಿತರೊಬ್ಬರಿಗೆ ಫೋನ್ ಮಾಡಿದೆವು. "ಅಯ್ಯೋ ಡಾಕ್ಟ್ರೇ, ಅದಕ್ಕೇನು! ಪ್ಲಗ್ಗಿನ ಮೂರನೇ ಕಡ್ಡಿ ತಪ್ಪಿಸಿಬಿಡಿ. ಎರಡು ಕಡ್ಡಿಯ ಅಡಾಪ್ಟರ್ ಅಂಗಡೀಲಿ ಸಿಗುತ್ತೆ" ಎಂದರು. ಹಾಗೆ ಮಾಡಿದರೆ ಸದ್ದು ನಿಲ್ಲಬಹುದು. ಆದರೆ ನಮಗೆ ಕೈ ಬರಲಿಲ್ಲ.

1992ರಲ್ಲಿ ನಾವಿಬ್ಬರೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಹೌಸ್ ಸರ್ಜನ್‌ಗಳು. ಒಂದು ಸಂಜೆ ರೈತನೊಬ್ಬನನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಅವನ ಪಂಪ್‌ಸೆಟ್ ಮೋಟಾರಿನ ಮೈಗೆ ಕರೆಂಟು ಹರಿದಿತ್ತು. ಅದಕ್ಕೆ ಅರ್ಥಿಂಗ್ ಕೊಟ್ಟಿರಲಿಲ್ಲ. ಅಂಗೈಯಲ್ಲಿ ರೂಪಾಯಿಯಗಲದ ಸುಟ್ಟ ಗಾಯ ಬಿಟ್ಟರೆ ಮೈಮೇಲೆ ಇನ್ನೇನೂ ಕಾಣಲಿಲ್ಲ. ಒಬ್ಬರಾದ ಮೇಲೊಬ್ಬರು ಎದೆ ಒತ್ತಿದೆವು. ಅವನು ಏಳಲಿಲ್ಲ. ಹೊರಗೆ ಕಾಯುತ್ತಿದ್ದ ಹೆಂಡತಿಗೆ ಹೇಳುವ ಕೆಲಸ ನಮ್ಮ ಪಾಲಿಗೇ ಬಂತು. ಯಂತ್ರದ ಮೈಗೆ ಕರೆಂಟು ಹರಿದಾಗ ಅದಕ್ಕೆ ಬೇರೆ ದಾರಿ ಕೊಟ್ಟು, ಬ್ರೇಕರ್ ಬೀಳಿಸಿ, ಮುಟ್ಟಿದವರನ್ನು ಉಳಿಸುವುದು ಆ ಮೂರನೇ ಕಡ್ಡಿಯೇ. ಅಮ್ಮ ಬರಿಗಾಲಲ್ಲಿ ಓಡಾಡುವ ಬೇಸ್‌ಮೆಂಟಿನಲ್ಲಿ ಅದನ್ನು ಕಿತ್ತು ಸಿನಿಮಾ ನೋಡುವುದು ಹೇಗೆ?

ಕೇಬಲ್ ಕಂಪನಿಯವರನ್ನು ಕರೆಸಿದೆವು. ಬಂದ ಹುಡುಗ ಮನೆಯ ಹೊರಗೋಡೆಗೆ ಟಾರ್ಚ್ ಬಿಟ್ಟು ನಕ್ಕ. ಕೇಬಲನ್ನು ಮನೆಯ ಅರ್ಥಿಂಗಿಗೆ ಜೋಡಿಸುವ ಕ್ಲಾಂಪ್ ತುಕ್ಕು ಹಿಡಿದು ಸಡಿಲವಾಗಿತ್ತು. ಹೊಸದು ಹಾಕಿ ಬಿಗಿದ, ಹೂಂಕಾರ ನಿಂತಿತು. ಹೃದಯದ ಕಾಯಿಲೆ ಎಡತೋಳಿನಲ್ಲಿ ನೋಯುವಂತೆ, ಹೊರಗೋಡೆಯ ತೊಂದರೆ ಒಳಗೆ ನರಳುತ್ತಿತ್ತು! ಅಷ್ಟಕ್ಕೂ ನಿಲ್ಲದಿದ್ದರೆ ಆಡಿಯೋ ತಂತಿಯ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಪ್ಲಗ್ಗಿನ ಕಡ್ಡಿಯ ತಂಟೆಗೆ ಮಾತ್ರ ಹೋಗಬೇಡಿ.

ಆ ರಾತ್ರಿ ಅಮ್ಮ ಕೆಳಗಿಳಿದು ಬಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತರು. "ಪಾಪ, ನಿಲ್ಲಿಸೇಬಿಟ್ರಾ? ಇನ್ನು ನನ್ನ ಕಥೆಗೆ ಹೂಂಗುಟ್ಟೋರು ಯಾರು?" ಎಂದರು.

ಟಿವಿ ಆರಿಸಿ, "ಹೇಳಮ್ಮ" ಎಂದೆವು.