“ಸರ್, ಕೈ…”

ಮೊನ್ನೆ ಊರಿಗೆ ಹೋಗಿದ್ದೆ. ಹಾನಗಲ್ ತಾಲ್ಲೂಕಿನ ತಿಳವಳ್ಳಿ ನಮ್ಮೂರು. ಶಾಂತೇಶ್ವರ ಗುಡಿ ಮುಂದೆ ಚಪ್ಪಲಿ ಬಿಡುವಾಗ ಹಳೇ ಸಂಗತಿಯೊಂದು ನೆನಪಾಯ್ತು. ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಧೈರ್ಯ ಸಾಲದೆ ಬಿಟ್ಟಿದ್ದೆ.

ವರ್ಷಗಳ ಹಿಂದಿನ ಮಾತು. ಅವ್ವನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ನಾನು ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ, ಇಳಿದವನೇ ಸೀದಾ ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿದ್ದ ಅಜ್ಜ, “ಒಬ್ಬರಾದ ಮ್ಯಾಲೆ ಒಬ್ಬರು ಹೋಗ್ರೀ” ಅಂದ. “ನಮ್ಮವ್ವನ್ನ ನೋಡಾಕ ನಿನ್ನ ಅಪ್ಪಣಿ ಬೇಕೇನು?” ಅಂತ ಜಗಳಾಡಿ ಒಳಗೆ ನುಗ್ಗಿದೆ. ಮಂಚದ ಸುತ್ತ ಆಗಲೇ ಐದು ಜನ ಇದ್ದರು. ನಾನು ಮಂಚದ ಮೇಲೇ ಕೂತು, “ಎಲ್ಲಿ, ನೋಡೂಣು” ಅಂತ ಪಟ್ಟಿ ಎತ್ತಿ ಹೊಲಿಗೆ ನೋಡಿದೆ. ಅದೇ ಬಸ್ಸಿನ ಕೈಯಲ್ಲಿ!

ಎರಡು ದಿನಕ್ಕೆ ಜ್ವರ ಬಂತು, ಹೊಲಿಗೆಯಲ್ಲಿ ಕೀವು ತುಂಬಿತು. ಐದು ದಿನಕ್ಕೆ ಮನೆಗೆ ಬರಬೇಕಿದ್ದ ಅವ್ವ ಹತ್ತೊಂಬತ್ತು ದಿನ ಮಲಗಿದಳು. ನಾವೆಲ್ಲ ಡಾಕ್ಟರಿಗೆ ಬೈದೆವು. ನಂಜು ಯಾರ ಕೈಯಿಂದ ಬಂತೋ ದೇವರೇ ಬಲ್ಲ. ಆದರೆ ಕೈ ತೊಳೆಯದವರಲ್ಲಿ ನಾನೂ ಒಬ್ಬ. ಹಾಗಂತ ತೊಳೆಯಬೇಕೆಂದರೂ ವಾರ್ಡಿನಲ್ಲಿ ನಲ್ಲಿ ಇರಲಿಲ್ಲ. ಗೋಡೆ ಮೇಲೆ ‘ಸ್ವಚ್ಛತೆ ಕಾಪಾಡಿ’ ಅನ್ನೋ ಬೋರ್ಡು ಮಾತ್ರ ಇತ್ತು.

ಈಗೆರಡು ವರ್ಷದ ಕೆಳಗೆ ಚಿಕ್ಕವ್ವನ್ನ ಬೇರೊಂದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದಾಗ ಕಂಡದ್ದೇ ಬೇರೆ. ಪ್ರತಿ ಮಂಚದ ಹತ್ತಿರ ಕೈಗೆ ಹಚ್ಚುವ ದ್ರಾವಣದ ಬಾಟಲಿ, ರೋಗಿಗೊಂದೇ ಪಾಸು, ಕಸಕ್ಕೆ ಹಳದಿ ಕೆಂಪು ಬುಟ್ಟಿಗಳು. ರೌಂಡ್ಸಿಗೆ ಬಂದ ಡಾಕ್ಟರು ಒಬ್ಬರನ್ನು ಮುಟ್ಟಿ ಸೀದಾ ಚಿಕ್ಕವ್ವನ ಕಡೆ ಕೈ ಚಾಚಿದರು. ನರ್ಸಮ್ಮ ಮೆಲ್ಲಗೆ, “ಸರ್, ಕೈ…” ಅಂದರು. ಡಾಕ್ಟರು ಸಿಟ್ಟಾಗಲಿಲ್ಲ, ತಿರುಗಿ ಕೈಗೆ ದ್ರಾವಣ ಹಚ್ಚಿಕೊಂಡರು. ಆಮೇಲೆ ನಾನು ಕೇಳಿದ್ದಕ್ಕೆ ನರ್ಸಮ್ಮ ನಕ್ಕರು: “ಮೊದಲಾಗಿದ್ರ ಬೈಸ್ಕೋತಿದ್ದೆ ರೀ. ಈಗ ಕಾಯಕಲ್ಪದಾಗ ಇದಕ್ಕೂ ಮಾರ್ಕ್ಸ್ ಐತಿ.”

ಕಾಯಕಲ್ಪ ಅಂದರೆ 2015ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆ. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆ, ಸೋಂಕು ತಡೆ, ಕಸ ವಿಲೇವಾರಿಗೆಲ್ಲ ಅಂಕ ಕೊಟ್ಟು, ಚೆನ್ನಾಗಿ ಮಾಡಿದವರಿಗೆ ಬಹುಮಾನ ಕೊಡುತ್ತಾರೆ. ಅಂಕದ ಆಸೆಗೇ ಆಗಲಿ, ನರ್ಸಿಗೆ ಬಾಯಿ ಬಂತಲ್ಲ!

1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್ವೈಸ್ ಎಂಬ ಡಾಕ್ಟರು ತನ್ನ ಹೆರಿಗೆ ವಾರ್ಡಿನ ವೈದ್ಯರಿಂದ ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟು ಬಾಣಂತಿಯರು ಸಾಯುತ್ತಿದ್ದರು. ಜೂನ್ ಹೊತ್ತಿಗೆ ಅದು ಎರಡರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡವರು ಅನೇಕರು ಒಪ್ಪಲಿಲ್ಲ. ‘ನಮ್ಮ ಕೈ ಹೊಲಸೇ?’ ಅನ್ನೋ ಸಿಟ್ಟು. ನಾನು ಬಾಗಿಲ ಅಜ್ಜನ ಮೇಲೆ ಹಾರಾಡಿದ್ದೂ ಅದೇ ಸಿಟ್ಟಲ್ಲವೇ?

ಗುಡಿಗೆ ಹೋಗುವಾಗ ಯಾರೂ ಹೇಳದೇ ಕೈಕಾಲು ತೊಳೀತೀವಿ. ಕೊರಳ ಮುಟ್ಟಿ ಹೇಳಿ, ಆಸ್ಪತ್ರೆಗೆ ಹೋಗುವಾಗ ನೀವು ತೊಳೀತೀರಾ? ಆ ಅಜ್ಜ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಸಿಕ್ಕರೆ ತಪ್ಪಾಯ್ತು ಅನ್ನಬೇಕು.