ಕಾಲುವೆ ಏರಿಯ ಗರಸು ದಾರಿ

ಗೋಕಾಕ,
ಡಿಸೆಂಬರ್

ಪ್ರೀತಿಯ ತಮ್ಮನಿಗೆ,

ವೇಲ್ಸಿನ ಅಫಾನ್ ಕಣಿವೆಯಲ್ಲಿ ಸೈಕಲ್ ತುಳಿದ ಫೋಟೊ ಕಳಿಸಿ, “ಇಂಥಾ ದಾರಿ ನಮ್ಮ ಕಡೆ ಎಲ್ಲಿ ಬರಬೇಕು ಅಕ್ಕಾ” ಅಂತ ಬರೆದಿದ್ದೆಯಲ್ಲ, ಅದಕ್ಕೆ ಉತ್ತರವನ್ನು ಚಿಗವ್ವನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ದಾರಿ ಇದೆ. ಸೈಕಲ್ಲಿಗೆಂದು ಮಾಡಿದ್ದಲ್ಲ, ಬೋರ್ಡಿಲ್ಲ, ಹೆಸರೂ ಇಲ್ಲ. ಧೂಪದಾಳದಿಂದ ಹೊರಟು ಮೂಡಲಗಿ ಸೀಮೆಗೆ ನೀರುಣಿಸುವ ಘಟಪ್ರಭಾ ಎಡದಂಡೆ ಕಾಲುವೆಯ ಏರಿ ಅದು. ಇಲ್ಲಿಯವರ ಬಾಯಲ್ಲಿ ಬರೇ ‘ಕೆನಾಲ ದಂಡಿ’. ಇಲಾಖೆಯ ಜೀಪು ಓಡಾಡಲೆಂದು ಗರಸು ಹಾಕಿದ್ದಾರೆ. ಕೆಲವು ಕಡೆ ಗರಸು ಹೋಗಿ ಎರೆಮಣ್ಣು ಮೇಲೆ ಬಂದಿದೆ, ಕೆಲವು ಕಡೆ ಜಾಲಿ ಕಂಟಿ ಎರಡೂ ಕಡೆಯಿಂದ ಬಾಗಿ ಒಬ್ಬರೇ ಹೋಗುವಷ್ಟು ಜಾಗ ಉಳಿಸಿದೆ.

ಧೂಪದಾಳದ ಒಡ್ಡು 1897ರದ್ದು. ಅಂಥ ಎತ್ತರವೇನಿಲ್ಲ. ಹೊಳೆಯ ನೀರನ್ನು ಒಂದಿಷ್ಟು ಮೇಲೆತ್ತಿ ಕಾಲುವೆಯ ಬಾಯಿಗೆ ಕೊಡುವುದಷ್ಟೇ ಅದರ ಕೆಲಸ. ಅಲ್ಲಿಂದ ಮುಂದೆ 109 ಕಿ.ಮೀ. ನೀರು ತಾನಾಗಿಯೇ ಹರಿಯಬೇಕು. ಇಳುಕಲು ಜಾಸ್ತಿಯಾದರೆ ದಂಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಹಾಗಾಗಿ ಕಾಲುವೆ ದಿನ್ನೆ ಬಂದಲ್ಲಿ ಸುತ್ತಿ ಹೋಗುತ್ತದೆ, ಹಳ್ಳ ಬಂದಲ್ಲಿ ಮೇಲಿಂದ ದಾಟುತ್ತದೆ, ಕಣ್ಣಿಗೆ ಕಾಣದಷ್ಟೇ ಇಳಿಯುತ್ತದೆ. ಅದರ ಮಗ್ಗುಲಲ್ಲಿ ಹೋಗುವ ದಾರಿಯೂ ಹಾಗೇ. ನಿಮ್ಮ ಕಣಿವೆಯಲ್ಲಿ ಕಲ್ಲಿದ್ದಲಿನ ಗಾಡಿ ಎಳೆಯುತ್ತಿದ್ದ ಉಗಿಬಂಡಿಗೂ ಏರು ಆಗಿಬರುತ್ತಿರಲಿಲ್ಲ, ಅದಕ್ಕೇ ಅಲ್ಲಿಯ ಹಳೇ ಹಳಿಯ ದಾರಿ ಗುಡ್ಡದ ನಡುವೆಯೂ ಅಷ್ಟು ಸಪಾಟು. ಎರಡನ್ನೂ ಮಾಡಿದ ಎಂಜಿನಿಯರುಗಳ ಮನಸ್ಸಿನಲ್ಲಿ ಸೈಕಲ್ಲಿನವರು ಇರಲೇ ಇಲ್ಲ. ಆದರೂ ಸೈಕಲ್ಲಿನವರಿಗೆ ಇವರಷ್ಟು ಉಪಕಾರ ಮಾಡಿದವರು ಬೇರೆ ಯಾರಿದ್ದಾರೆ ಹೇಳು.

ಒಡ್ಡಿನ ಹಿನ್ನೀರಿನಲ್ಲಿ 1974ರಿಂದ ಪಕ್ಷಿಧಾಮವಿದೆ. ಚಳಿಗಾಲಕ್ಕೆ ದೂರದ ದೇಶಗಳಿಂದ ಡೆಮೊಸಿಲ್ ಕ್ರೇನ್, ಬಿಳಿ ಕೊಕ್ಕರೆ ಬರುವುದು ಇಲ್ಲಿಗೇ. ನನಗೆ ಕಂಡದ್ದು ನೀರುಕಾಗೆ ಮತ್ತು ಬೆಳ್ಳಕ್ಕಿ. ಸೈಕಲ್ ಇಳಿಯದೆ ಹಕ್ಕಿ ನೋಡುವವರಿಗೆ ಅಷ್ಟೇ ಸಿಗುವುದು.

ಬೆಳಗಿನ ಏರಿಯ ಮೇಲೆ ಯಾರು ಯಾರು ಸಿಗುತ್ತಾರೆ ಅಂತ ಕೇಳು. ಎಮ್ಮೆಗಳು, ಅವುಗಳ ಹಿಂದೆ ಮೊಬೈಲ್ ನೋಡುತ್ತ ಬರುವ ಹುಡುಗ. ಪಾವಟಿಗೆಯ ಮೇಲೆ ಬಟ್ಟೆ ಒಗೆಯುವ ಹೆಂಗಸರು. ತೂಬಿನ ಬಳಿ ಸಲಿಕೆ ಹಿಡಿದು ತಮ್ಮ ಪಾಳಿಯ ನೀರಿಗೆ ಕಾಯುತ್ತ ಕೂತ ರೈತರು. ಕ್ಯಾರಿಯರ್ ಮೇಲೆ ಒಬ್ಬಳು ಗೆಳತಿಯನ್ನು ಕೂರಿಸಿಕೊಂಡು ಹೈಸ್ಕೂಲಿಗೆ ಹೊರಟ ಹುಡುಗಿಯರು. 2006-07ರಲ್ಲಿ ಸರಕಾರ ಎಂಟನೇತ್ತೆಯವರಿಗೆ ಸೈಕಲ್ ಕೊಡಲು ಸುರುಮಾಡಿತಲ್ಲ, ಆ ನಮೂನೆಯ ಹಳೇ ಸೈಕಲ್ಲುಗಳು ಅಕ್ಕನಿಂದ ತಂಗಿಗೆ ದಾಟಿ ಇನ್ನೂ ಓಡುತ್ತಿವೆ. ಗೇರಿಲ್ಲದ ಆ ಭಾರದ ಸೈಕಲ್ಲಿನಲ್ಲಿ ಅವರು ನನ್ನನ್ನು ನಗುನಗುತ್ತ ಹಿಂದೆ ಹಾಕಿ ಹೋದರು. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ನನ್ನ ಹೆಲ್ಮೆಟ್ಟು ನೋಡಿ, “ಯಾಕ ಯವ್ವಾ, ಬಸ್ಸ್ ತಪ್ಪಿತೇನ?” ಅಂದಳು. ಸುಮ್ಮನೆ ತಿರುಗಾಡಲಿಕ್ಕೆ ಬಂದೀನಿ ಅಂದೆ. “ತಿರುಗಾಡಾಕ?” ಅಂತ ಒಗೆಯುವುದನ್ನೇ ನಿಲ್ಲಿಸಿದಳು.

ನಿನ್ನ ದಾರಿಗೂ ಇದಕ್ಕೂ ಇರುವ ದೊಡ್ಡ ಫರಕು ಇಲ್ಲೇ ಇದೆ. ಅಲ್ಲಿ ಗಣಿ ಮುಚ್ಚಿತು, ಹಳಿ ಕಿತ್ತರು, ಆಮೇಲೆ ಸೈಕಲ್ ಬಂತು. ನಿಮ್ಮ ಕಡೆಯ ರೋಂಡಾ ಕಣಿವೆಯ ಕೊನೆಯ ಗಣಿ ಮರ್ಡಿ ಬಾಗಿಲು ಹಾಕಿದ್ದು 1990ರಲ್ಲಿ ಅಂತ ನೀನೇ ಹೇಳಿದ್ದೆ. ಅಲ್ಲಿಯ ನಿಶ್ಶಬ್ದಕ್ಕೆ ಒಂದು ಊರಿನ ದುಡಿಮೆ ಹೋಗಿದೆ. ಇಲ್ಲಿ ದುಡಿಮೆ ನಡೆದೇ ಇದೆ. ಏರಿಯ ಎರಡೂ ಬದಿಗೆ ಕಬ್ಬು ನಿಂತಿದೆ, ಕಡಿಯುವ ಗ್ಯಾಂಗುಗಳು ಗುಡಿಸಲು ಹಾಕಿವೆ, ಹಂಗಾಮು ಜೋರಾಗಿದೆ. ಹೀಗಾಗಿ ‘ವಾಹನವೇ ಇಲ್ಲದ ದಾರಿ’ ಅಂತ ನಾನು ಆಣೆ ಮಾಡಲಾರೆ. ಒಮ್ಮೊಮ್ಮೆ ಹೊಲದಿಂದ ಟ್ರ್ಯಾಕ್ಟರ್ ಏರಿಗೆ ಹತ್ತಿ ಬರುತ್ತದೆ. ಹಾಡಿನ ಪೆಟ್ಟಿಗೆಯ ಸದ್ದು ಫರ್ಲಾಂಗು ಮೊದಲೇ ಬರುವುದರಿಂದ ಬದಿಗೆ ಇಳಿದು ನಿಲ್ಲಲು ಬೇಕಾದಷ್ಟು ಹೊತ್ತು ಸಿಗುತ್ತದೆ. ನನಗಂತೂ ಡಾಂಬರು ರಸ್ತೆಗಿಂತ ಈ ದಾರಿಯೇ ಹೆಚ್ಚು ಸೇರಿತು. ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಡಾಂಬರು ರಸ್ತೆಯಲ್ಲಿ ಓಲಾಡುತ್ತ ಬರುವ ಟ್ರ್ಯಾಕ್ಟರಿನ ಪಕ್ಕ ಈಗಿನ ದಿನಗಳಲ್ಲಿ ಸೈಕಲ್ ತುಳಿಯುವವರು ನಾಲ್ಕು ಜನ್ಮ ತಂದಿರಬೇಕು.

ಅರಭಾವಿ ಕಡೆ ಹೋಗುವಾಗ ಹಿಂದಿನ ಗಾಲಿ ಕೂತಿತು. ತಳ್ಳಿಕೊಂಡು ರಸ್ತೆಗಿಳಿದರೆ ಒಂದು ಪಂಚರ್ ಅಂಗಡಿ. ಅಂಗಡಿಯ ಹುಡುಗ ಗಾಲಿ ನೋಡಿದ ಕೂಡಲೆ, “ಕೆನಾಲ ದಂಡಿ ಮ್ಯಾಲ ಬಂದೀರೇನ್ರಿ ಅಕ್ಕಾರ? ಜಾಲಿ ಮುಳ್ಳು ಬಿಡೂದಿಲ್ರಿ” ಅಂದ. ಟ್ಯೂಬಿಗೆ ಗಾಳಿ ಹೊಡೆದು ಬುಟ್ಟಿಯ ನೀರಿನಲ್ಲಿ ತಿರುಗಿಸುತ್ತ ಹೋದ; ಗುಳ್ಳೆ ಎದ್ದಲ್ಲಿ ಉಗುರಿನಿಂದ ಗುರುತು. ತೇಪೆ ಹಚ್ಚಿದ ಮೇಲೆ ಮುಗಿಯಿತು ಅಂದುಕೊಂಡರೆ ಅವನು ಟಾಯರಿನ ಒಳಮೈಗೆ ಎರಡು ಬೆರಳು ಇಟ್ಟು, ಕಣ್ಣು ಎಲ್ಲೋ ಇಟ್ಟುಕೊಂಡು ಸುತ್ತಲೂ ಸವರಿದ. ಒಂದು ಕಡೆ ಬೆರಳು ನಿಂತಿತು. ಮುರಿದುಳಿದ ಮುಳ್ಳಿನ ತುದಿ, ಎಳ್ಳಿನಷ್ಟು. ಚಿಮ್ಮಟಿಗೆಯಿಂದ ಕಿತ್ತು ನನ್ನ ಅಂಗೈ ಮೇಲೆ ಇಟ್ಟ. ಅದನ್ನು ಬಿಟ್ಟಿದ್ದರೆ ಮೂಡಲಗಿ ಮುಟ್ಟುವುದರೊಳಗೆ ಮತ್ತೆ ಪಂಚರ್.

ಮೂಡಲಗಿಯಲ್ಲಿ ಶಿವಬೋಧರಂಗ ಮಠಕ್ಕೆ ಹೋಗಿ ಕೈಮುಗಿದು, ಗಿರಮಿಟ್ ತಿಂದು ತಿರುಗಿದೆ. ಆ ಊರಿನ ಬಗ್ಗೆ ಹೆಚ್ಚು ಬರೆಯಲಾರೆ, ಬಿಸಿಲೇರಿತ್ತು.

ಗೋಕಾಕ ಫಾಲ್ಸಿಗೆ ಹೋದದ್ದು ಇನ್ನೊಂದು ದಿನ. ಸುಮಾರು 52 ಮೀಟರ್ ಎತ್ತರದ ಬಂಡೆ, ಕುದುರೆ ಲಾಳದ ಆಕಾರ. ಜುಲೈ-ಆಗಸ್ಟಿನಲ್ಲಿ ಕೆಂಪು ನೀರು ಅಷ್ಟಗಲಕ್ಕೂ ಧುಮುಕುವುದನ್ನು ನಾವಿಬ್ಬರೂ ಅಪ್ಪನ ಜೊತೆ ನೋಡಿದ್ದೆವು, ನೆನಪಿರಬೇಕು. ಈಗ ಬಂಡೆಯ ಮೈ ಒಣಗಿ ಪದರ ಪದರವಾಗಿ ಕಾಣುತ್ತದೆ, ಒಂದು ಮೂಲೆಯಲ್ಲಿ ನಾಲ್ಕಾರು ಬಿಳಿ ಎಳೆ. ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬ, ನೀರೇ ಇಲ್ಲವಲ್ಲ ಅಂತ ಮುಖ ಸಣ್ಣ ಮಾಡಿಕೊಂಡಿತ್ತು. ನೀರು ಎಲ್ಲಿ ಹೋಗಿದೆ ಅಂತ ನನಗೆ ಗೊತ್ತಿತ್ತು. ಮೂಡಲಗಿ ತನಕ ನನ್ನ ಮಗ್ಗುಲಲ್ಲೇ ಹರಿದಿತ್ತು. ಮಳೆಗಾಲ ಮುಗಿದ ಮೇಲೆ ಧೂಪದಾಳದಲ್ಲಿ ಕಾಲುವೆಗೆ ತಿರುಗಿಸಿ ಉಳಿದದ್ದಷ್ಟೇ ಇಲ್ಲಿ ಬೀಳುವುದು.

ಬಂಡೆಯ ಅಂಚಿನಲ್ಲಿ ಅದೇ ಗೋಕಾಕದ ನೂಲಿನ ಮಿಲ್ಲು. 1885ರಲ್ಲಿ ಕಂಪನಿ ಕಟ್ಟಿ, 1887ರಲ್ಲಿ ಈ ನೀರಿನ ಬಲದಿಂದಲೇ ನೂಲು ತೆಗೆಯಲು ತೊಡಗಿದರು. ದೇಶದಲ್ಲೇ ಮೊದಲು ನೀರಿನಿಂದ ಕರೆಂಟು ಮಾಡಿದ್ದು ನಮ್ಮ ಫಾಲ್ಸಿನಲ್ಲೇ ಅಂತ ಚಿಗವ್ವ ಮನೆಗೆ ಬಂದ ಎಲ್ಲರಿಗೂ ಹೇಳುತ್ತಾಳೆ. ಡಾರ್ಜಿಲಿಂಗಿನವರು, ಶಿವನಸಮುದ್ರದವರು ಇದಕ್ಕೆ ಒಪ್ಪಲಿಕ್ಕಿಲ್ಲ, ಆದರೆ ಅವರಾರೂ ಚಿಗವ್ವನ ಎದುರು ಕೂತು ವಾದಿಸಿಲ್ಲ. ಸುಮಾರು 200 ಮೀಟರಿನ ತೂಗುಸೇತುವೆ, ದಡದಲ್ಲಿ ಚಾಲುಕ್ಯರ ಶೈಲಿಯ ಮಹಾಲಿಂಗೇಶ್ವರ ಗುಡಿ, ಮಿಲ್ಲಿನವರ ಕಾಲನಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಕಣಿವೆ, ಕೂಲಿಕಾರರ ಸಾಲುಮನೆ, ಯಂತ್ರ ಒಂದೇ ಕಡೆ ಇರುವ ನಿನ್ನ ವೇಲ್ಸಿಗೆ ನಮ್ಮ ಜಿಲ್ಲೆಯಲ್ಲಿ ಅತಿ ಹತ್ತಿರದ ಜಾಗ ಇದೇ ಇರಬೇಕು. ಅಲ್ಲಿ ಕಲ್ಲಿದ್ದಲು, ಇಲ್ಲಿ ನೀರು.

ಯೋಗಿಕೊಳ್ಳದಿಂದ ಗೊಡಚಿನಮಲ್ಕಿ ಫಾಲ್ಸಿಗೆ ಕಾಡಿನೊಳಗೆ ಹೋಗುವ ದಾರಿಯನ್ನೂ ನೋಡಿದೆ. ಅದು ಮಾರ್ಕಂಡೇಯ ಹೊಳೆಯ ಕಣಿವೆ, ಸೊಗಸಾದ ಜಾಗ. ಆದರೆ ಸೈಕಲ್ಲಿಗೆ ತಕ್ಕ ದಾರಿಯಲ್ಲ. ಅರ್ಧ ದಾರಿ ನಾನೇ ಸೈಕಲ್ ಹೊತ್ತೆ.

ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿಗೆ ಕಾಕಾ ಕಾರಿನಲ್ಲಿ ಕರೆದೊಯ್ದರು. 1977ರಲ್ಲಿ ಮುಗಿದ ಡ್ಯಾಮು, 51 ಟಿಎಂಸಿ. ವಂಟಮುರಿಯ ರಾಜಾ ಲಖಮಗೌಡರ ಹೆಸರು ಇಟ್ಟಿದ್ದಾರೆ. ನಾನು ತುಳಿದ ಕಾಲುವೆಗೂ ಬೇಸಿಗೆಯಲ್ಲಿ ಇದೇ ಆಧಾರ. ಇಲ್ಲಿಂದ ಹೊಳೆಗೆ ಬಿಟ್ಟದ್ದನ್ನು ಧೂಪದಾಳ ಹಿಡಿದುಕೊಳ್ಳುತ್ತದೆ. ಒಳಗೆ ಮುಳುಗಿರುವ ಹುನ್ನೂರಿನ ವಿಠ್ಠಲನ ಗುಡಿ ನೀರು ಇಳಿದಾಗ ಮೇಲೆ ಬರುತ್ತದೆ, ಆಗ ಜನ ಜಾತ್ರೆಯ ಹಾಗೆ ನೆರೆಯುತ್ತಾರೆ. ಹುಕ್ಕೇರಿಯ ಗುಮ್ಮಟಗಳನ್ನು ಕಾರಿನ ಕಿಟಕಿಯಿಂದಲೇ ನೋಡಿದೆ. ಕಾಕಾನ ಗಮನವೆಲ್ಲ ಅಲ್ಲಿಯ ವಿದ್ಯುತ್ ಸಹಕಾರ ಸಂಘದ ಮೇಲೆ. 1969ರಿಂದ ಊರವರೇ ಸದಸ್ಯರಾಗಿ ಕರೆಂಟು ಹಂಚಿಕೊಳ್ಳುವ ಸಂಘ ರಾಜ್ಯದಲ್ಲಿ ಇನ್ನೊಂದಿಲ್ಲ ಅಂತ ಅವರು ಹೇಳುವುದು ನಿಜವೇ. ಆದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೇಳಿದರು.

ನೀನು ಬರುವುದಾದರೆ ಟಿಕೆಟ್ ತೆಗೆಸುವ ಮೊದಲು ಒಂದು ತೀರ್ಮಾನ ಮಾಡು. ಫಾಲ್ಸ್ ನೋಡಬೇಕೆಂದರೆ ಜುಲೈ-ಆಗಸ್ಟ್. ಆಗ ಏರಿಯ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕಟ್ಟಿಕೊಂಡು ಸೈಕಲ್ ಹೆಜ್ಜೆ ಮುಂದೆ ಹೋಗುವುದಿಲ್ಲ, ಮಳೆ ಜಾಸ್ತಿಯಾದರೆ 2019ರ ಹಾಗೆ ಲೋಳಸೂರ ಸೇತುವೆಯೇ ಮುಳುಗಬಹುದು. ಸೈಕಲ್ ತುಳಿಯಬೇಕೆಂದರೆ ದೀಪಾವಳಿಯ ಮೇಲೆ ಬಾ, ಫಾಲ್ಸಿನ ಆಸೆ ಬಿಡು. ಎರಡೂ ಒಂದೇ ರಜೆಯಲ್ಲಿ ಆಗುವುದಿಲ್ಲ. ಯಾವುದಾದರೂ ಸರಿ, ದಪ್ಪ ಟಾಯರು, ಎರಡು ಟ್ಯೂಬು ಅಲ್ಲಿಂದಲೇ ತಾ. ನಿನ್ನ ಆ ಸಪೂರ ಅಳತೆಯ ಟ್ಯೂಬು ಗೋಕಾಕದಲ್ಲಿ ಕೇಳಿದೆ, ಸಿಗಲಿಲ್ಲ. ಕರದಂಟು ಎರಡು ಕೆ.ಜಿ. ಕಟ್ಟಿಸಿದ್ದೇನೆ, ಮುಂದಿನ ತಿಂಗಳು ಆ ಕಡೆ ಬರುವವರು ಯಾರಾದರೂ ಇದ್ದರೆ ಫೋನ್ ಮಾಡು, ಕೊಟ್ಟು ಕಳಿಸುತ್ತೇನೆ.

ನಿನ್ನ
ಅಕ್ಕ