ಹಿಂಡಿಯ ಚೀಲ

ಸರಕಾರಿ ಕಚೇರಿಯ ಗುಮಾಸ್ತನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಯಾರಾದರೂ ಕಷ್ಟ ಹೇಳಿಕೊಂಡರೆ ಮೊದಲು ಅವನ ಬಾಯಿಂದ ಬರುವುದು, "ರಸೀದಿ ಇದೆಯೆ?" ಕಳೆದ ಶ್ರಾವಣದಲ್ಲಿ ಪುಣೆಯಿಂದ ಊರಿಗೆ ಹೋದಾಗ ಈ ಪ್ರಶ್ನೆಯನ್ನು ನಾನು ಹೆತ್ತ ತಾಯಿಗೇ ಕೇಳಿದೆ.

ಹುಕ್ಕೇರಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅವ್ವನಿಗಿರುವುದು ಎರಡು ಎಮ್ಮೆ. ಸಂತೆಯಿಂದ ತಂದ ಶೇಂಗಾ ಹಿಂಡಿಯ ಚೀಲದಲ್ಲಿ ಕೈಹಾಕಿ ನೋಡಿದರೆ ಹಸಿರು ಬೂಷ್ಟು! ಚೀಲದ ಮೇಲೆ ಹೆಸರಿಲ್ಲ, ತಾರೀಖಿಲ್ಲ. ಅಂಗಡಿಯಾತ ರಸೀದಿಯನ್ನೂ ಕೊಟ್ಟಿರಲಿಲ್ಲ. ಅರ್ಧ ಚೀಲ ಆಗಲೇ ಖಾಲಿಯಾಗಿತ್ತು. ನನ್ನ ಮಗಳು ಅಂದು ಬೆಳಿಗ್ಗೆ ಅದೇ ಎಮ್ಮೆಯ ಹಾಲು ಕುಡಿದಿದ್ದಳು.

"ಬಿಸಲಿಗೆ ಹರವಿದ್ರ ಆತು. ಎಮ್ಮಿಗೇನು ತಿಳೀತೈತಿ?" ಎಂದಳು ಅವ್ವ.

ಎಮ್ಮೆಗೆ ತಿಳಿಯದು ನಿಜ, ಹಾಲಿಗೆ ತಿಳಿಯುತ್ತದೆ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಎಮ್ಮೆಯ ಹೊಟ್ಟೆಗಿಳಿದು, ರೂಪ ಬದಲಿಸಿ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಕಿಲೋ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರಬಾರದೆಂದು ಆಹಾರ ಸುರಕ್ಷತೆಯ ನಿಯಮವುಂಟು. ಕಾರ್ಖಾನೆಯ ಮಿಶ್ರ ಪಶು ಆಹಾರಕ್ಕೆ ಐ.ಎಸ್. 2052 ಎಂಬ ಮಾನಕವೂ ಉಂಟು. ತೇವ ನೂರಕ್ಕೆ 11 ಮೀರಕೂಡದು. ಆದರೆ ಸಂತೆಯ ಬಿಡಿ ಹಿಂಡಿಯ ತೇವವನ್ನು ಅಳೆಯುವವರಾರು? 1955ರ ಅಗತ್ಯ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿ ದನದ ಮೇವು, ಹಿಂಡಿಗಳಿಗೆ ಮೊದಲ ಸಾಲಿನಲ್ಲೇ ಸ್ಥಾನವಿತ್ತು. 2006ರ ತಿದ್ದುಪಡಿಯಲ್ಲಿ ಮೇವಿನ ಬೀಜ ಉಳಿಯಿತು, ಹಿಂಡಿ ಬಿಟ್ಟುಹೋಯಿತು. ಪರ್ಮಿಟ್ಟುಗಳ ಕಾಟ ಕಡಿಮೆಯಾದರೆ ಒಳ್ಳೆಯದೇ. ಆದರೆ ಚೀಲದ ಒಳಗೆ ಇಣುಕುವ ಕಣ್ಣೊಂದು ಬೇಡವೆ?

ಇದನ್ನೆಲ್ಲ ನಾನು ಅವ್ವನೆದುರು ಟಿಪ್ಪಣಿ ಬರೆದಂತೆ ವಿವರಿಸಿದೆ. ಆಕೆ ಸಮಾಧಾನದಿಂದ ಕೇಳಿ, "ಹಂಗಾರ ಈ ಚೀಲದ ರೊಕ್ಕ ನಿನ್ನ ಕಾಯ್ದೆ ಕೊಡತೈತೇನು?" ಎಂದಳು. ಬಿ.ಎ. ಪಾಸಾದ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ತಿಂಗಳಷ್ಟೇ, ರಸೀದಿ ಇಲ್ಲವೆಂದು ಒಬ್ಬ ಮುದುಕ ರೈತನನ್ನು ನನ್ನ ಮೇಜಿನಿಂದ ಹಿಂದೆ ಕಳಿಸಿದ್ದು ನೆನಪಾಯಿತು. ಅವನ ಮನೆಯಲ್ಲಿಯೂ ಇಂಥದೇ ಒಂದು ಚೀಲವಿದ್ದಿರಬೇಕು.

ಅಂದು ಸಂಜೆ ಗುಂಡಿ ತೋಡಿ ಚೀಲವನ್ನು ಹೂತೆ. ಹೊಸ ಚೀಲಕ್ಕೆ ನಾನೇ ಹಣ ಕೊಟ್ಟೆ. ಅಂಗಡಿಯಾತನಿಂದ ರಸೀದಿಯನ್ನು ಮಾತ್ರ ಅವ್ವನೇ ಜಗಳವಾಡಿ ತಂದಳು. ಅದನ್ನು ದೇವರ ಜಗುಲಿಯ ಮೇಲೆ, ಕುಂಕುಮದ ಭರಣಿಯ ಕೆಳಗೆ ಇಟ್ಟಿದ್ದಾಳೆ.

ನಾವು ಪರಊರಿನಲ್ಲಿದ್ದು ಬೆಳಗಾದರೆ ಹಾಲಿನ ಚೀಲ ಕತ್ತರಿಸುವವರು. ಅದರ ಹಿಂದೆ ಯಾರದೋ ಅವ್ವ, ಯಾರದೋ ಹಿಂಡಿಯ ಚೀಲ ಇರುತ್ತದೆ. ರಸೀದಿಯನ್ನು ನಾನು ಈಗಲೂ ಕೇಳುತ್ತೇನೆ. ಮೊದಲು "ಕುಳಿತುಕೊಳ್ಳಿ" ಎನ್ನುತ್ತೇನೆ.